ಸುಂಕಪ್ಪ ಬರೆದ ವಾಡೆಯ ನಕ್ಷೆ

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಸುಂಕಪ್ಪ ಮೂರು ಸಲ ಸತ್ತಿದ್ದ. ಮೊದಲನೆಯ ಸಲ ಮುಚ್ಚಿದ ಬಾಗಿಲನ್ನು ಹಿಂದುಮುಂದು ನೋಡದೆ ತಳ್ಳಿದ, ಮೇಲಿಂದ ಕಲ್ಲು ಬಿತ್ತು. ಎರಡನೆಯ ಸಲ ಪೆಟ್ಟಿಗೆಯಲ್ಲಿ ಏನಿದೆಯೆಂದು ಕೈ ಹಾಕಿದ, ಹಾವಿತ್ತು. ಮೂರನೆಯ ಸಲ ಅವನಿಗೆ ಯಾರೂ ಏನೂ ಮಾಡಲಿಲ್ಲ. ಹಗ್ಗದ ಸೇತುವೆ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಅದರ ನಡುಮಧ್ಯೆ ನಿಂತು ಕುಣಿದು ನೋಡಿದ.

"ಯಾರ ಮನ್ಯಾಗರ ಗಂಡ ಹಿಂಗ ಸತ್ತು ಸತ್ತು ಬಂದು ಊಟಕ್ಕ ಕುಂದ್ರತಾನೇನ್ರಿ?" ಎಂದು ಹೆಂಡತಿ ನಾಗವೇಣಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. "ನಾ ಕುಂಕುಮ ಹಚ್ಕೋಬೇಕೋ ಅಳಿಸ್ಕೋಬೇಕೋ, ಅದನ್ನರ ಹೇಳ್ರಿ."

ಸಾಯುವುದರಲ್ಲಿ ಇಷ್ಟು ಚುರುಕಾದ ಈ ಮನುಷ್ಯ ಬದುಕುವುದರಲ್ಲಿ ಮಾತ್ರ ಬಹಳ ನಿಧಾನಿ. ರಾಯಚೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷದಿಂದ ಗಾಜಿನ ನಳಿಕೆ ತೊಳೆಯುತ್ತಿದ್ದ. ಅಲ್ಲಿ ಅವನ ಹೆಸರು ಗೊತ್ತಿದ್ದವರು ನಾಲ್ಕು ಮಂದಿ, ಅವರಲ್ಲೂ ಇಬ್ಬರಿಗೆ ತಪ್ಪಾಗಿ ಗೊತ್ತಿತ್ತು.

ಆಟವನ್ನು ಮನೆಗೆ ತಂದವನು ಅವನ ತಂಗಿಯ ಮಗ ವಿನೋದ, ಹೈಸ್ಕೂಲ್ ಮೇಷ್ಟ್ರು. ಈ ಆಟಕ್ಕೆ ಪಗಡೆಯ ಹಾಸಿಲ್ಲ, ಕಾಯಿಗಳಿಲ್ಲ. ಇದ್ದದ್ದು ದಾಳಗಳು, ಪೆನ್ಸಿಲ್ಲು ಮತ್ತು ಬಾಯಿ. ನಿಯಮಗಳೆಲ್ಲ ಸೇರಿ ಒಂದು ಹಾಳೆಯ ಎರಡು ಮಗ್ಗುಲು. ಒಬ್ಬ ರೆಫ್ರಿ ಇರುತ್ತಾನೆ. ಅವನು ಮೊದಲೇ ಒಂದು ಪಾತಾಳದ ನಕ್ಷೆ ಬರೆದಿಟ್ಟುಕೊಂಡು, ನಿಮ್ಮ ಮುಂದೆ ಕತ್ತಲಿದೆ, ಎಡಕ್ಕೆ ಮೆಟ್ಟಿಲಿವೆ ಎಂದು ಹೇಳುತ್ತ ಹೋಗುತ್ತಾನೆ. ಆಡುವವರು ಒಬ್ಬೊಬ್ಬರು ಒಬ್ಬೊಬ್ಬ ವೀರನಾಗಿ, ನಾನು ಕೋಲಿನಿಂದ ತಿವಿದು ನೋಡುತ್ತೇನೆ, ನಾನು ಓಡಿ ಹೋಗುತ್ತೇನೆ ಎಂದು ಬಾಯಲ್ಲೇ ಹೇಳಬೇಕು. ಉಳಿದದ್ದು ದಾಳಕ್ಕೆ ಬಿಟ್ಟದ್ದು. ಈಗಿನ ಆಟಗಳಂತೆ ಇಲ್ಲಿ ವೀರನಿಗೆ ಉಪಚಾರವಿಲ್ಲ. ತಪ್ಪು ಮಾಡಿದರೆ ಸತ್ತ. ಸತ್ತರೆ ಇನ್ನೊಬ್ಬನನ್ನು ಹುಟ್ಟಿಸಿ ಹೆಸರಿಟ್ಟುಕೊಳ್ಳಬೇಕು. ಸುಂಕಪ್ಪನಿಗೆ ಬೇರೆ ಹೆಸರು ಹೊಳೆಯದೆ ಎಲ್ಲರಿಗೂ ತನ್ನ ಹೆಸರನ್ನೇ ಇಟ್ಟ. ದಸರೆಯ ಹೊತ್ತಿಗೆ ಹನ್ನೊಂದನೆಯ ಸುಂಕಪ್ಪ ನಡೆಯುತ್ತಿದ್ದ.

ಆಗ ವಿನೋದನಿಗೆ ಧಾರವಾಡದಲ್ಲಿ ಒಂದು ತಿಂಗಳ ತರಬೇತಿ ಬಂತು. ಆಡುತ್ತಿದ್ದ ಇನ್ನಿಬ್ಬರು, ಮೊಬೈಲ್ ರಿಪೇರಿಯ ಶಕೀಲ್ ಮತ್ತು ಆಸ್ಪತ್ರೆಯ ನರ್ಸ್ ಸ್ವಪ್ನಾ, ಆಟ ನಿಂತಿತೆಂದು ಮುಖ ಸಣ್ಣಗೆ ಮಾಡಿದರು.

"ಯಾಕ ನಿಂದ್ರಬೇಕು? ನಾ ನಡಸ್ತೀನಿ," ಅಂದ ಸುಂಕಪ್ಪ.

ಶಕೀಲ್, "ಅಂಕಲ್, ರೆಫ್ರಿ ಸಾಯಂಗಿಲ್ರಿ. ನಿಮಗ ಹೊಂದ್ತದೇನ್ರಿ?" ಅಂದ.

ಸುಂಕಪ್ಪ ಅದನ್ನು ಸವಾಲೆಂದೇ ತೆಗೆದುಕೊಂಡ. ಪ್ರಯೋಗಾಲಯದಿಂದ ಗ್ರಾಫ್ ಹಾಳೆ ತಂದು ನಕ್ಷೆ ಬರೆಯಲು ಕೂತ. ಕೂತದ್ದಷ್ಟೇ. ಅವನು ಅರಮನೆ ಕಂಡವನಲ್ಲ. ರಾಯಚೂರಿನ ಕೋಟೆಯಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಆಟೋ ನಿಲ್ಲುವ ಜಾಗ ಒಂದೇ. ಬಾಳಿನಲ್ಲಿ ಅವನು ಕಂಡ ದೊಡ್ಡ ಮನೆಯೆಂದರೆ ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ ವಿರೂಪಣ್ಣ ಗೌಡರ ವಾಡೆ. ಅದನ್ನಾದರೂ ಪೂರ್ತಿ ಕಂಡಿದ್ದನೇ? ಅವನ ಅಪ್ಪ ಅಯ್ಯಪ್ಪ ಅಲ್ಲಿ ವರ್ಷದ ಆಳು. ಅವರ ಕೇರಿಯ ಹುಡುಗರಿಗೆ ಅಂಗಳದ ಬೇವಿನ ಮರದವರೆಗೆ ಅಪ್ಪಣೆ ಇತ್ತು, ಹೊಸ್ತಿಲಿನಾಚೆ ಇರಲಿಲ್ಲ. ಕಾಣದ ಮನೆಯನ್ನು ಬರೆಯುವುದು ಕಂಡದ್ದನ್ನು ಬರೆಯುವುದಕ್ಕಿಂತ ಸುಲಭ. ಸುಂಕಪ್ಪ ಒಂದೇ ಸಂಜೆಯಲ್ಲಿ ಹದಿನೆಂಟು ಕೋಣೆ ಕಟ್ಟಿದ.

ಆ ವಾಡೆಯನ್ನೇ ಬರೆದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅಯ್ಯಪ್ಪ ಸತ್ತದ್ದು ಅಲ್ಲಿ, ಹಗೇವಿನಲ್ಲಿ. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಮೇಲೆ ಒಬ್ಬ ಮನುಷ್ಯ ಹಿಡಿಯುವಷ್ಟು ಬಾಯಿ, ಕೆಳಗೆ ಒಂದು ಕೋಣೆಯಷ್ಟು ಹೊಟ್ಟೆ. ಸುಂಕಪ್ಪನಿಗೆ ಆಗ ಹತ್ತು ವರ್ಷ. ಕುಡಿದು ಇಳಿದ, ಜೋಲಿ ತಪ್ಪಿ ಬಿದ್ದ ಎಂದು ವಾಡೆಯವರು ಹೇಳಿದರು. ವಾಡೆ ಹೇಳಿದ್ದನ್ನು ಊರೂ ಹೇಳಿತು. ಅಂದಿನಿಂದ ಜಾಲಹಳ್ಳಿಯಲ್ಲಿ ಸುಂಕಪ್ಪನಿಗೆ ಸ್ವಂತ ಹೆಸರೇ ಉಳಿಯಲಿಲ್ಲ. ಅವನು ಕುಡಿದು ಬಿದ್ದ ಅಯ್ಯಪ್ಪನ ಮಗ. ತಾಯಿ ದುರುಗಮ್ಮ ಒಬ್ಬಳೇ, "ಅಂವ ಕುಡಿದಿದ್ದಿಲ್ಲ" ಅನ್ನುತ್ತಲೇ ಬಂದಳು. ಅವಳು ಆ ಮಾತು ತೆಗೆದಾಗಲೆಲ್ಲ ಸುಂಕಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ. ಅಪ್ಪ ಕುಡಿದಿದ್ದನೋ ಇಲ್ಲವೋ, ಗೊತ್ತಿದ್ದವರು ಯಾರಾದರೂ ಖಚಿತವಾಗಿ ಹೇಳಬೇಕು ಎಂಬುದೊಂದೇ ಆ ಮನುಷ್ಯನಿಗೆ ಈ ಲೋಕದಿಂದ ಬೇಕಾಗಿದ್ದದ್ದು. ಕೇಳಲು ಮಾತ್ರ ಧೈರ್ಯವಿರಲಿಲ್ಲ.

ನಕ್ಷೆಗೆ 'ಜಾಲಹಳ್ಳಿ ವಾಡೆ, ಕೆಳಗಿನ ಮಜಲು' ಎಂದು ತಲೆಬರಹ ಕೊಟ್ಟ. ಕೋಣೆಗಳಲ್ಲಿ 'ಚಿನ್ನದ ನಾಣ್ಯ 400', 'ಹಾವು 2', 'ಸತ್ತವರು 6, ಎದ್ದು ಬರುತ್ತಾರೆ' ಎಂದೆಲ್ಲ ತುಂಬಿದ. ನಡುವೆ ಒಂದು ಗುಂಡನೆಯ ಬಾಯಿ ಬರೆದು, ಅದರಲ್ಲಿ ಏನಿಡುವುದೆಂದು ಬಹಳ ಹೊತ್ತು ತಿಳಿಯದೆ, 'ಇಳಿದವರು ಬಂದಿಲ್ಲ' ಎಂದು ಬರೆದು ಪೆನ್ಸಿಲ್ ಕೆಳಗಿಟ್ಟ.

ಮಾರನೆಯ ದಿನ ತೀನ್ ಕಂದೀಲ್ ವೃತ್ತದ ಹತ್ತಿರ ಸತ್ತಾರ್ ಸಾಬ್‌ನ ಝೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿದ. ಪ್ರತಿಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ, ಛತ್ರಿ ನೆನಪಿನಿಂದ ತೆಗೆದುಕೊಂಡ, ಅಸಲು ಹಾಳೆಯನ್ನು ಯಂತ್ರದ ಮುಚ್ಚಳದಡಿಯಲ್ಲೇ ಬಿಟ್ಟು ಹೋದ. ಅವನ ನಂತರ ಬಂದ ಗಿರಾಕಿ ಮಾನ್ವಿಯ ದಸ್ತಗೀರ್ ಸಾಬ್. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ವಿರೂಪಣ್ಣ ಗೌಡರ ಕಾರು ಓಡಿಸುವವನು ಇವನೇ. ದೇವರು ಸುಂಕಪ್ಪನ ಕಡೆ ನೋಡುವುದೇ ಅಪರೂಪ, ನೋಡಿದರೆ ಹೀಗೆ.

"ಅರೆ ಭಾಯ್, ಇದು ನಮ್ಮ ಗೌಡ್ರ ವಾಡೇ ಅಲ್ಲೇನು?" ಅಂದ ದಸ್ತಗೀರ್ ಸಾಬ್.

ಸತ್ತಾರ್ ಸಾಬ್ ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದ. "ಚಿನ್ನ ನಾನೂರು ಅಂತ ಬರದಾನ ಸುಂಕಪ್ಪ. ಲೆಕ್ಕ ಸುದ್ದಾ ಗೊತ್ತದ ಅಂದ್ರ ಕಣ್ಣಾರೆ ನೋಡಿದಾಂವನ ಆಗಿರಬೇಕು."

ನಮ್ಮ ಕಡೆ ನೆಲದಲ್ಲಿ ನೀರಿದೆ ಅಂದರೆ ಜನ ಸಾಕ್ಷಿ ಕೇಳುತ್ತಾರೆ, ನಿಧಿ ಇದೆ ಅಂದರೆ ಗುದ್ದಲಿ ಕೇಳುತ್ತಾರೆ. ಎರಡು ದಿನದಲ್ಲಿ ಸುದ್ದಿ ಓಣಿಗೆಲ್ಲ ಹಬ್ಬಿತು. ನಳದ ಹತ್ತಿರ ನಾಗವೇಣಿಗೆ ಎಲ್ಲರೂ ಸರದಿ ಬಿಟ್ಟುಕೊಟ್ಟರು. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ, "ಕೂಡ್ರಿ ಸುಂಕಪ್ಪನವರ" ಎಂದು ಕುರ್ಚಿ ತೋರಿಸಿದರು. ಸುಂಕಪ್ಪ ಗಾಬರಿಯಿಂದ ಹಿಂದೆ ನೋಡಿದ, ಅದೇ ಹೆಸರಿನವರು ಇನ್ನಾರಾದರೂ ಬಂದಿರಬಹುದೆಂದು.

"ಸರ, ಅದು ಆಟದ ಕಾಗದರಿ. ನಾ ಮನಸಿನಿಂದ ಬರದದ್ದು."

"ಹೌದೌದು," ಅಂದರು ಪ್ರಿನ್ಸಿಪಾಲರು. "ಹಂಗ ಹೇಳಬೇಕು. ಯಾರರ ಕೇಳಿದ್ರ ಹಂಗ ಹೇಳ್ರಿ."

ಕಂದಾಯದ ಒಬ್ಬ ಅಧಿಕಾರಿ ಮನೆಗೇ ಬಂದರು. ನೆಲದಲ್ಲಿ ಸಿಕ್ಕದ್ದು ಸರಕಾರದ್ದು, ಮುಚ್ಚಿಟ್ಟರೆ ಜೈಲು ಎಂದು ಗದರಿಸಿ, ಮಂಡಾಳ ಒಗ್ಗರಣಿ ತಿಂದು, ನೀರು ಕುಡಿದು, ದನಿ ತಗ್ಗಿಸಿ, "ನನಗೂ ಒಂದ್ ಝೆರಾಕ್ಸ್ ಇಡ್ರಿ, ಫೈಲಿಗೆ ಬೇಕು" ಅಂದರು. ಸುಂಕಪ್ಪ ನಿಯಮಗಳ ಹಾಳೆಯನ್ನು ತಂದು ತೋರಿಸಿದ. ಅವರು ಎರಡೂ ಮಗ್ಗುಲು ಓದಿ, ಕತ್ತಲೆಯಲ್ಲಿ ನಡೆಯುವ ಕ್ರಮ, ಹೆಣದ ಕಾವಲು, ಮುಚ್ಚಿದ ಪೆಟ್ಟಿಗೆ ತೆರೆಯುವ ಬಗೆ ಎಲ್ಲವೂ ಇಷ್ಟು ವಿವರವಾಗಿರುವಾಗ ಸುಳ್ಳೆಂದು ಹೇಗೆ ನಂಬುವುದೆಂದು ಅವನನ್ನೇ ಕೇಳಿದರು.

ಶುಕ್ರವಾರ ವಿರೂಪಣ್ಣ ಗೌಡರ ಕಾರು ಓಣಿಗೆ ಬಂತು. ಎಪ್ಪತ್ತು ದಾಟಿದ ಗೌಡರು ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಬುದ್ಧನ ಪಟದ ಕೆಳಗಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಹಿಂದೆ ಮಗ ಬಸವಪ್ರಸಾದ, ಕೈಯಲ್ಲಿ ಆ ಅಸಲು ಹಾಳೆ. ಮೂಲೆಯಲ್ಲಿ ದುರುಗಮ್ಮ ಕೂತಿದ್ದಳು. ಅವಳು ಏಳಲಿಲ್ಲ.

"ಸುಂಕಪ್ಪ, ನಿಮ್ಮಪ್ಪ ನಮ್ಮ ಮನ್ಯಾಗ ಹದಿನೈದು ವರ್ಷ ದುಡಿದಾಂವ. ಅವಗ ಎಲ್ಲಾ ಗೊತ್ತಿತ್ತು. ನಿನಗ ಹೇಳಿ ಹೋಗ್ಯಾನ," ಅಂದರು ಗೌಡರು.

"ಇಲ್ರಿ ಗೌಡ್ರ, ಇದು ಆಟರಿ."

"ಬಾಯಿ ಬರದೀಯಲ್ಲ ನಡಕ. ಹಗೇವು ನಿಖರ ಅಲ್ಲೇ ಅದ. ಹೊರಗ ನಿಂತಾಂವಗ ಅದು ಹೆಂಗ ಗೊತ್ತಾತು?"

ಹಗೇವು ನಡುವೆಯೇ ಇದೆಯೆಂದು ಸುಂಕಪ್ಪನಿಗೆ ತಿಳಿದದ್ದು ಆ ಕ್ಷಣದಲ್ಲಿ. ಹದಿನೆಂಟು ಕೋಣೆಗಳಲ್ಲಿ ಒಂದೇ ಒಂದು ಸರಿಯಾಗಿತ್ತು, ಅದೂ ಇದೇ ಆಗಬೇಕೇ!

"ನಾಳೆ ವಾಡೇಕ್ಕ ಬಾ. ಒಳಗ ಬಂದು ತೋರ್ಸು," ಅಂದರು ಗೌಡರು.

ಒಳಗೆ ಬಾ ಎಂಬ ಮಾತನ್ನು ಆ ಮನೆತನದವರ ಬಾಯಲ್ಲಿ ಸುಂಕಪ್ಪ ಎಂದೂ ಕೇಳಿರಲಿಲ್ಲ. ಕಾರು ಹೋದ ಮೇಲೆ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಏನ್ ಮಾಡ್ಲಿ ಯವ್ವಾ?"

"ಹೋಗು," ಅಂದಳು ದುರುಗಮ್ಮ. "ಹೋಗಿ ನಿಮ್ಮಪ್ಪ ಎಲ್ಲಿ ಬಿದ್ದ ನೋಡಿ ಬಾ. ಕುಡಿದಿದ್ದಿಲ್ಲ ಅಂವ."

ಸುಂಕಪ್ಪ ಎದ್ದು ಚಪ್ಪಲಿ ಮೆಟ್ಟಿದ.

ಶನಿವಾರ ಮುಂಜಾನೆಯ ಬಸ್ಸಿಗೆ ಅವನು ಜಾಲಹಳ್ಳಿಗೆ ಹೊರಟ. ಜೊತೆಗೆ ಶಕೀಲ್ ಬಂದಿದ್ದ, ಸಾಕ್ಷಿ ಹೇಳಲು. ಆಟ ಹುಟ್ಟಿದ್ದು ಹೇಗೆಂದು ಶಕೀಲ್ ಹೇಳಿದರೆ ಗೌಡರು ನಂಬಬಹುದೆಂದು ಸುಂಕಪ್ಪನ ಆಸೆ. ಶಕೀಲ್ ಜಾಲಹಳ್ಳಿಯಲ್ಲಿಳಿದು ನೋಡಿದರೆ, ಬೀಗ ಹಾಕಿದ್ದ ವಾಡೆಯ ಮುಂದೆ ನಾಲ್ವರು ಗುದ್ದಲಿಯವರು, ಒಬ್ಬ ಹಾವು ಹಿಡಿಯುವವ, ಫೈಲು ಹಿಡಿದ ಆ ಅಧಿಕಾರಿ, ಮತ್ತು ಎದ್ದು ಬರುವ ಆರು ಮಂದಿ ಸತ್ತವರನ್ನು ಮತ್ತೆ ಮಲಗಿಸಲು ಒಬ್ಬ ಮಂತ್ರವಾದಿ. ಹಾಳೆಯಲ್ಲಿ ಬರೆದದ್ದಕ್ಕೆಲ್ಲ ಒಬ್ಬೊಬ್ಬ ತಜ್ಞ ಬಂದಿದ್ದ. ಅಷ್ಟು ಸಿದ್ಧತೆಯಾದ ಮೇಲೆ ನಿಜ ಹೇಳುವುದು ಮರ್ಯಾದೆಯಲ್ಲವೆಂದು ಶಕೀಲ್ ಸುಮ್ಮನಾದ.

ಸುಂಕಪ್ಪ ಬೇವಿನ ಮರದ ಹತ್ತಿರ ತಾನಾಗಿ ನಿಂತುಬಿಟ್ಟ. ಐವತ್ತಮೂರು ವರ್ಷದ ಕಾಲುಗಳಿಗೆ ಆ ಗಡಿ ಇನ್ನೂ ನೆನಪಿತ್ತು. "ಬಾ ಬಾ" ಎಂದು ಗೌಡರು ಕೈ ಹಿಡಿದೇ ಎಳೆದರು. ಹೊಸ್ತಿಲು ದಾಟುವಾಗ ಎಡವಿದ. ಗುದ್ದಲಿಯವರು ಅದನ್ನು ನಮಸ್ಕಾರವೆಂದು ತಿಳಿದು ತಾವೂ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಒಳಗೆ ಅವನು ಬರೆದದ್ದು ಒಂದೂ ಕಣ್ಣಿಗೆ ಬೀಳಲಿಲ್ಲ. ನಕ್ಷೆಯಲ್ಲಿ ಸಿಂಹದ ಬಾಯಿಯ ಬಾಗಿಲಿದ್ದಲ್ಲಿ ಹಳೆಯ ಬೀಸುಕಲ್ಲು. ಗುಪ್ತ ಮೆಟ್ಟಿಲಿದ್ದಲ್ಲಿ ಬಚ್ಚಲು. ಬಾಲ್ಯದಲ್ಲಿ ಅಷ್ಟು ಹೆದರಿಸಿದ್ದ ಮನೆ ಹೊಗೆ ಹಿಡಿದ ನಾಲ್ಕು ಕೋಣೆ, ಒಂದು ನಡುಮನೆ, ಒಂದು ಒಳಗಿನ ಅಂಗಳ, ಅಷ್ಟೇ. ಸುಂಕಪ್ಪನಿಗೆ ಯಾಕೋ ಬಹಳ ದುಃಖವಾಯಿತು.

"ಇಲ್ಲಿ ಬಾಗಲಾ ಅದ ಅಂತ ಬರದೀರಿ. ಗ್ವಾಡಿ ಅದಲ್ರಿ?" ಅಂದ ಬಸವಪ್ರಸಾದ.

"ಅದಕ್ಕ ನಾ ಹೇಳಿದ್ನಲ್ರಿ, ಇದು..."

"ಮುಚ್ಚ್ಯಾರ! ಬೇಕಂತ ಮುಚ್ಚ್ಯಾರ! ಒಡೀರಿ!"

ಗೋಡೆ ಒಡೆದರು. ಆ ಕಡೆಯಿಂದ ಪಕ್ಕದ ಮನೆಯ ಎಮ್ಮೆಯೊಂದು ತಲೆ ಹಾಕಿ, ಎಲ್ಲರನ್ನೂ ಒಮ್ಮೆ ನೋಡಿ, ಮೆಲುಕು ಮುಂದುವರಿಸಿತು. ಮಂತ್ರವಾದಿ ಅದಕ್ಕೇ ಭಸ್ಮ ಎರಚಿದ. ಗೌಡರ ಹೆಂಡತಿ ಅಂಬಮ್ಮ ಕಂಬಕ್ಕೆ ಒರಗಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಮಾನ್ವಿಯಿಂದ ಯಾರೂ ಕರೆಯದಿದ್ದರೂ ಕಾರು ಹತ್ತಿ ಬಂದಿದ್ದರು.

ಮುಂದೆ ಯಾವ ಕಡೆ ಎಂದು ಎಲ್ಲರೂ ಸುಂಕಪ್ಪನ ಮುಖ ನೋಡಿದರು. ಗೊತ್ತಿಲ್ಲ ಅಂದರೆ ಇನ್ನೊಂದು ಗೋಡೆ ಬೀಳುತ್ತದೆ. ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ ಇಪ್ಪತ್ತು ಮುಖದ ದಾಳವನ್ನು ತೆಗೆದು ನೆಲಕ್ಕೆ ಉರುಳಿಸಿತು. ಗುದ್ದಲಿಯವರು ತಲೆಯ ರುಮಾಲು ತೆಗೆದು ಕೈಮುಗಿದು ನಿಂತರು.

"ಎಷ್ಟ್ ಬಿತ್ರಿ?" ಗೌಡರು ಬಗ್ಗಿ ಕೇಳಿದರು.

"ಎರಡು," ಅಂದ ಸುಂಕಪ್ಪ ಬೇಸರದಿಂದ. ಆಟದಲ್ಲಿ ಅದು ಬಹಳ ಕೆಟ್ಟದ್ದು.

"ಎರಡು ಅಂದ್ರ ಹಗೇವು," ಎಂದು ಅಧಿಕಾರಿ ಯಾವ ಆಧಾರವೂ ಇಲ್ಲದೆ ಘೋಷಿಸಿ ಫೈಲಿನಲ್ಲಿ ಬರೆದುಕೊಂಡರು.

ಒಳಗಿನ ಅಂಗಳದ ನಡುವೆ ಮಣ್ಣು ಸರಿಸಿದಾಗ ಚಪ್ಪಡಿ ಕಾಣಿಸಿತು. ಇಷ್ಟು ವರ್ಷ ಅದನ್ನು ಯಾರೂ ಎತ್ತಿರಲಿಲ್ಲ. ನಾಲ್ವರು ಸೇರಿ ಎತ್ತಿದರು. ಕೊಳೆತ ಜೋಳದ ಹಳೆಯ ವಾಸನೆ ಬಂತು. ಒಬ್ಬ ಮನುಷ್ಯ ಹಿಡಿಯುವಷ್ಟು ಬಾಯಿ, ಆಮೇಲೆ ಕಪ್ಪು. ಸುಂಕಪ್ಪನ ಅಪ್ಪ ಈ ಬಾಯಿಂದಲೇ ಇಳಿದಿದ್ದ.

ಯಾರು ಇಳಿಯಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಗುದ್ದಲಿಯವರು, ಅಧಿಕಾರಿ, ಮಂತ್ರವಾದಿ, ಗೌಡರು, ಎಲ್ಲರ ಕಣ್ಣೂ ತಾವಾಗಿ ಸುಂಕಪ್ಪನ ಕಡೆ ತಿರುಗಿದವು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಮಳೆ ಬಂದರೆ ಛತ್ರಿಯ ಕಡೆ ನೋಡುತ್ತಾರಲ್ಲ, ಹಾಗೆ ನೋಡಿದರು.

"ನಿಮ್ಮಪ್ಪನ ಇಳೀತಿದ್ದ," ಅಂದರು ಗೌಡರು ಮೆತ್ತಗೆ.

ಸುಂಕಪ್ಪ ಎಲ್ಲರಿಗೂ ಹೂಂ ಅಂದು ಬಾಳಿದವನು. ಆ ದಿನ ಅವನ ಬಾಯಿಂದ ಬಂದ ಮಾತು ಅವನಿಗೇ ಆಶ್ಚರ್ಯ ತಂದಿತು. "ನಾ ಆಟ ನಡಸಾಂವರಿ. ನಡಸಾಂವ ಇಳಿಯಂಗಿಲ್ಲ. ಆಡಾವ್ರು ಇಳೀಬೇಕು."

ಶಕೀಲ್, "ಹೌದ್ರಿ, ನಿಯಮ ಅದ," ಅಂದ. ಸಾಕ್ಷಿ ಹೇಳಲು ಅವನಿಗೆ ಕೊನೆಗೂ ಒಂದು ಜಾಗ ಸಿಕ್ಕಿತು.

ಬಸವಪ್ರಸಾದನಿಗೆ ತಡೆಯಲಾಗಲಿಲ್ಲ. ಇನ್ನೊಬ್ಬರು ಇಳಿದು ನಾಲ್ಕು ನಾಣ್ಯ ಕಿಸೆಗೆ ಹಾಕಿಕೊಂಡರೆ ಯಾರು ನೋಡಿದರು! ಪ್ಯಾಂಟು ಮಡಚಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಒಂದು ಕಾಲನ್ನು ಬಾಯಿಯೊಳಗೆ ಇಳಿಬಿಟ್ಟ.

"ತಡೀರಿ," ಅಂದ ಸುಂಕಪ್ಪ. ಕಾಣದ ಜಾಗಕ್ಕೆ ಕಾಲಿಡುವ ಮೊದಲು ಏನು ಮಾಡಬೇಕೆಂಬುದನ್ನು ಹತ್ತು ಸಲ ಸತ್ತು ಕಲಿತಿದ್ದ. "ಮದ್ಲ ದೀಪ ಬಿಡ್ರಿ."

ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದರು. ಆರು ಮೊಳ ಹೋಗುವಷ್ಟರಲ್ಲಿ ಉರಿ ಸಣ್ಣಗಾಗಿ ಆರಿತು. ಗಾಳಿಗೆ ಆರಿರಬೇಕೆಂದು ಎಳೆದು, ಮತ್ತೆ ಹಚ್ಚಿ ಇಳಿಸಿದರು. ಅದೇ ಆರು ಮೊಳಕ್ಕೆ ಮತ್ತೆ ಆರಿತು. ಗೌಡರು ಓಡಿ ಬಂದು ಮಗನ ತೋಳು ಹಿಡಿದು ಹಿಂದಕ್ಕೆ ಜಗ್ಗಿದರು. ಜಗ್ಗಿದ ರಭಸಕ್ಕೆ ಇಬ್ಬರೂ ಕೆಳಗೆ ಕೂತರು. "ಸಾಯ್ತಿದ್ಯಲ್ಲೋ! ಉಸಿರು ಕಟ್ಟಿ ಸಾಯ್ತಿದ್ಯಲ್ಲೋ!"

ಆಗ ಕಂಬದ ಕಡೆಯಿಂದ ಅಂಬಮ್ಮ ಮಾತಾಡಿದರು.

"ಅವತ್ತ ಅಯ್ಯಪ್ಪನೂ ಇದನ್ನ ಕೇಳಿದ್ದ. ಯಪ್ಪಾ, ದೀಪ ಬಿಟ್ಟು ನೋಡೂಣ ಅಂದಿದ್ದ."

"ಸುಮ್ಮಕಿರು," ಅಂದರು ಗೌಡರು.

"ಸುಮ್ಮಕ ಇದ್ನಲ್ಲ ಇಷ್ಟು ವರ್ಷ. ಗಾಡಿ ಹೂಡಿ ನಿಂತದ, ಹೊತ್ತಾಕ್ಕತದ, ಇಳಿ ಅಂದ್ರಿ. ನೀವ ಅಂದ್ರಿ. ನಾ ಇಲ್ಲೇ ನಿಂತಿದ್ದೆ, ಇದ ಕಂಬದ ಹತ್ರ."

ಸುಂಕಪ್ಪ ಅವರ ಮುಂದೆ ಬಂದು ನಿಂತ. "ಯವ್ವಾರ... ಕುಡಿದಿದ್ನೇನ್ರಿ ಅಂವ?"

"ಮುಂಜಾನಿ ಎಂಟಕ್ಕ ಯಾರ್ ಕುಡೀತಾರೋ ಯಪ್ಪಾ? ಹೊರಗ ಬೇವಿನ ಗಿಡದ ಕೆಳಗ ಕುಂತು ನನ್ನ ಕೈಯಾನ ಚಾ ಕುಡದು ಬಂದಿದ್ದ, ಪರಟಿಯಾಗ. ಪೊಲೀಸ್ರು ಬರ್ತಾರ ಅಂತ ಆಮ್ಯಾಲ ಹೆಂಡ ತರಿಸಿ ಹೆಣದ ಬಾಯಾಗ ಸುರದ್ರು."

ತೆಂಗಿನ ಪರಟೆಯ ವಿಷಯವನ್ನೂ ಹೆಂಡದ ವಿಷಯವನ್ನೂ ಅವರು ಒಂದೇ ದನಿಯಲ್ಲಿ ಹೇಳಿದರು. ಅಧಿಕಾರಿ ಫೈಲು ಮುಚ್ಚಿದರು. ಗೌಡರು ಮಣ್ಣಿನಲ್ಲಿ ಕೂತಲ್ಲೇ ಮಗನ ತೋಳನ್ನು ಇನ್ನೂ ಹಿಡಿದುಕೊಂಡಿದ್ದರು, ಸುಂಕಪ್ಪನ ಕಡೆ ನೋಡಲಿಲ್ಲ. ಏನಾದರೂ ಹೇಳಬಹುದೆಂದು ಸುಂಕಪ್ಪ ಸ್ವಲ್ಪ ಹೊತ್ತು ಕಾದ. ಗುದ್ದಲಿಯವರಲ್ಲಿ ಒಬ್ಬ ಮಾತ್ರ, ಮುಚ್ಚಬೇಕೋ ಹಾಗೇ ಬಿಡಬೇಕೋ ಎಂದು ಕೇಳಿದ.

ಬಸ್ಸಿನಲ್ಲಿ ಸುಂಕಪ್ಪ ಅತ್ತ. ಶಕೀಲ್ ಕಿಟಕಿಯಾಚೆ ನೋಡುತ್ತ ಅವನ ತೊಡೆಯ ಮೇಲೆ ಕೈ ಇಟ್ಟಿದ್ದ. ಅಳುವುದರಲ್ಲೂ ಒಂದು ಬಗೆಯ ಹಗುರವಿತ್ತು. ಈ ಸುದ್ದಿಯನ್ನು ಅವ್ವನಿಗೆ ಹೇಗೆ ಹೇಳಬೇಕು, ಕೇಳಿದ ಕೂಡಲೇ ಅವಳ ಮುಖ ಹೇಗಾಗುತ್ತದೆ ಎಂದು ದಾರಿಯುದ್ದಕ್ಕೂ ನೆನೆದುಕೊಂಡ. ಓಣಿಯ ಬಾಯಲ್ಲಿ ಸತ್ತಾರ್ ಸಾಬ್ ಅಡ್ಡಹಾಕಿ, "ಏನೂ ಸಿಗ್ಲಿಲ್ಲ ಅಂತ ಹೇಳ್ತೀರಿ, ಗೊತ್ತದ ಬಿಡ್ರಿ" ಎಂದು ಕಣ್ಣು ಮಿಟುಕಿಸಿದ. ಅವನಿಗೆ ಉತ್ತರ ಕೊಡದೆ ಬಿರಬಿರನೆ ನಡೆದ.

ದುರುಗಮ್ಮ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಸುಂಕಪ್ಪ ಅವಳ ಪಾದದ ಹತ್ತಿರ ಕೂತು, ಮೊರವನ್ನು ಸರಿಸಿ, ಎರಡೂ ಕೈ ಹಿಡಿದುಕೊಂಡ.

"ಯವ್ವಾ, ಅಪ್ಪ ಕುಡಿದಿದ್ದಿಲ್ಲ! ಅಂಬಮ್ಮೋರು ತಾವ ಹೇಳಿದ್ರು. ಅವ್ರ ಬಾಯಿಲೆ ಕೇಳಿ ಬಂದೆ."

ದುರುಗಮ್ಮ ಮಗನ ಮುಖ ನೋಡಿದಳು.

"ನಾ ನಲವತ್ಮೂರು ವರ್ಷ ಹೇಳೀನಿ," ಅಂದಳು. "ಅಕಿ ಒಂದ್ ಸಲ ಹೇಳಿದ್ದಕ್ಕ ನಂಬಿದಿ."

ಅವಳು ಕೈ ಬಿಡಿಸಿಕೊಂಡು, ಅಕ್ಕಿಯ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.